ಬಸುರಿಗೆ ಬಿ.ಪಿ. ಬಂದರೆ

(ಕೆ.ಟಿ. ದೊಡ್ಡಿಯ ಕಲಿಕೆ ಕೇಂದ್ರದಲ್ಲಿ ನರ್ಸಮ್ಮ ಆಡಿದ ಮಾತು)



ಬೀಜದ ಹತ್ತಿಗೆ ಕ್ರಾಸಿಂಗ್ ಮಾಡುವ ಕಾಲ ಬಂದರೆ ನಮಗೆ ಬಿಡುವಿಲ್ಲ. ದವಾಖಾನೆಗೆ ಹೋದರೆ ಅವತ್ತಿನ ಕೂಲಿ ಹೋಯ್ತು. "ನನಗೇನಾಗ್ಯಾದ? ಛಲೋ ಇದ್ದೀನಿ" ಅಂತ ಬಸುರಿ ಹೆಣ್ಣುಮಗಳು ಹೊಲಕ್ಕೇ ಹೋಗುತ್ತಾಳೆ. ಆದರೆ ಬಿ.ಪಿ. ಮೋಸದ ರೋಗ. ಮೊದಲಿಗೆ ನೋವಿಲ್ಲ, ಜ್ವರವಿಲ್ಲ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೇ ಗೊತ್ತಾಗೋದು.

ಬಿ.ಪಿ. ಯಾಕೆ ಏರುತ್ತದೆ? ಹೊಲದ ಮೋಟಾರಿನ ರಬ್ಬರ್ ಪೈಪು ನೆನಪು ಮಾಡಿಕೊಳ್ಳಿ. ಪೈಪು ಹಿಚುಕಿದರೆ ಹಿಂದೆ ನೀರಿನ ಒತ್ತಡ ಏರುತ್ತದೆ. ಮುಂದಿನ ಬೆಳೆಗೆ ನೀರು ಸಾಲದು. ರಕ್ತನಾಳ ಬಿಗಿದರೂ ಹಾಗೇ. ತಾಯಿಗೆ ಬಿ.ಪಿ. ಏರುತ್ತದೆ. ಹೊಟ್ಟೆಯ ಕೂಸಿಗೆ ರಕ್ತ ಸಾಲದು. ಕೂಸು ಸರಿಯಾಗಿ ಬೆಳೆಯುವುದಿಲ್ಲ.

ರಕ್ತನಾಳದ ಒಳಗೆ ಒಂದು ತೆಳು ಪದರ ಇದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ. ಆ ಅನಿಲ ನಾಳವನ್ನು ಸಡಿಲ ಇಡುತ್ತದೆ. ಇದನ್ನು ತಿಳಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು.

ಬಸುರಿಯ ರಕ್ತದಲ್ಲಿ ಕೊಬ್ಬು ಏರುವುದು ಸಹಜ. ಕೂಸು ಬೆಳೆಯಲು ಅದು ಬೇಕು. ಬಿ.ಪಿ. ಬಂದ ಅನೇಕರಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಹೆಚ್ಚಾದ ಕೊಬ್ಬು ಒಳಪದರವನ್ನು ಕೆಡಿಸಬಹುದು. ಮಾಸಿನಿಂದ ಬರುವ ಕೆಲವು ಪದಾರ್ಥಗಳೂ ಕೆಡಿಸುತ್ತವೆ. ಪದರ ಕೆಟ್ಟರೆ ಅನಿಲ ಸಾಲದು. ನಾಳ ಬಿಗಿಯುತ್ತದೆ.

"ಹಂಗಾದ್ರ ಎಣ್ಣಿ, ತುಪ್ಪ ಬಿಡಬೇಕೇನ್ರಿ?" ಅಂತ ಕೇಳುತ್ತೀರಿ. ಊಟ ಬಿಡಬ್ಯಾಡ್ರಿ. ಕರಿದದ್ದು ಕಡಿಮೆ ಮಾಡಿ. ರೊಟ್ಟಿ, ಬ್ಯಾಳಿ, ಸೊಪ್ಪು, ಹಾಲು, ತತ್ತಿ ತಿನ್ನಿ. ನಾವು ಕೊಡುವ ಕ್ಯಾಲ್ಸಿಯಂ ಗುಳಿಗೆ ತಪ್ಪಿಸಬೇಡಿ. ಆದರೆ ಊಟ ಒಂದರಿಂದಲೇ ಈ ರೋಗ ತಡೆಯಲಾಗದು. ಬಿ.ಪಿ. ನೋಡಿಸಲೇಬೇಕು.

5 ತಿಂಗಳು ತುಂಬಿದ ಮೇಲೆ ಬಿ.ಪಿ. 140/90 ಅಥವಾ ಹೆಚ್ಚು ಬಂದರೆ ಮತ್ತೆ ನೋಡಿಸಿ, ಡಾಕ್ಟರ ಹತ್ತಿರ ಹೋಗಿ. 160/110 ಬಂದರೆ ತಡ ಮಾಡಬೇಡಿ. ಪ್ರತಿ ಸಲ ಮೂತ್ರವನ್ನೂ ಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅಪಾಯ ಹೆಚ್ಚು.

ಈ ಗುರುತುಗಳನ್ನು ಮನೆಯವರೆಲ್ಲ ಕಲಿಯಿರಿ:

- ಬಿಡದ ತಲೆನೋವು
- ಕಣ್ಣು ಮಂಜಾಗುವುದು
- ಮುಖ, ಕೈ ಬಾವು ಬರುವುದು
- ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು
- ಉಸಿರು ಕಟ್ಟಿದಂತಾಗುವುದು

ರೋಗ ಬಲಿತರೆ ಫಿಟ್ಸ್ ಬರಬಹುದು. ಆಗ "ಗಾಳಿ ಸೋಕಿದೆ, ತಾಯತ ಕಟ್ಟಿಸೋಣ" ಅಂತ ಹೊರಟರೆ ತಾಯಿ, ಕೂಸು ಎರಡೂ ಜೀವ ಹೋಗಬಹುದು. ಇದು ಗಾಳಿಯಲ್ಲ, ಬಿ.ಪಿ. ಕೈಗೆ ಕಬ್ಬಿಣ ಕೊಡಬೇಡಿ. ಬಾಯಿಗೆ ನೀರು ಹಾಕಬೇಡಿ. ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನು ಮಾಡಿ. ದವಾಖಾನೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಸೂಜಿ ಇದೆ. ಅದು ಫಿಟ್ಸ್ ನಿಲ್ಲಿಸುತ್ತದೆ.

ಹಡೆದ ಮೇಲೂ ಮೈಮರೆಯಬೇಡಿ. ಬಾಣಂತಿಗೂ ಫಿಟ್ಸ್ ಬರಬಹುದು. ತವರಿಗೆ ಹೋದರೂ, ರಾಯಚೂರು ಕಡೆ ಹೋದರೂ ತಾಯಿ ಕಾರ್ಡು ಜೊತೆಗಿರಲಿ. ಅಲ್ಲಿಯೂ ಬಿ.ಪಿ. ನೋಡಿಸಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಬಸುರಿಯರಿಗೆ ಡಾಕ್ಟರು ಬಿಟ್ಟಿಯಾಗಿ ಪರೀಕ್ಷೆ ಮಾಡುತ್ತಾರೆ. 2016ರಿಂದ ಈ ಏರ್ಪಾಡು ಇದೆ. ಅತ್ತೆಯರೇ, ಅವತ್ತು ಸೊಸೆಯನ್ನು ಹೊಲಕ್ಕೆ ಕಳಿಸಬೇಡಿ. ನೀವೇ ಕರಕೊಂಡು ಬರ್ರಿ.

ನೀವು ಈಗ ಅಂಕಿ ಓದಲು ಕಲಿತಿದ್ದೀರಿ. ಕಾರ್ಡಿನಲ್ಲಿ ಬಿ.ಪಿ. ಎಷ್ಟು ಬರೆದಿದ್ದಾರೆ ಅಂತ ನೀವೇ ಓದಿ. ಬರೆದಿಲ್ಲವೆಂದರೆ ಕೇಳಿ ಬರೆಸಿಕೊಳ್ಳಿ. ಒಂದು ದಿನದ ಕೂಲಿ ನಾಳೆ ದುಡಿಯಬಹುದು. ಹೋದ ಜೀವ ಬರುವುದಿಲ್ಲ.