ಚೀಲ ಬದಲಾದ ಪ್ರವಾಸ

ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ನಾವಿಬ್ಬರೂ ದ್ವೀಪ ನೋಡಲು ಹೊರಟೆವು. ರಾಯಬಾಗದಿಂದ ಹುಬ್ಬಳ್ಳಿ, ಅಲ್ಲಿಂದ ರಾತ್ರಿ ಬಸ್ಸಿಗೆ ಉಡುಪಿ. ಲಾಡ್ಜಿನಲ್ಲಿ ಚೀಲ ಬಿಚ್ಚಿದರೆ ಯಾವುದೋ ಮಗುವಿನ ಯೂನಿಫಾರ್ಮು, ಎರಡು ಬಾಟಲಿ ಕೊಬ್ಬರಿ ಎಣ್ಣೆ! “ರೀ, ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಯಾರ ಹೊಟ್ಟಿ ಸೇರಿದ್ವೋ ಏನೋ” ಎಂಬುದೇ ಇವಳ ಚಿಂತೆ. ಬಟ್ಟೆಯ ಮಾತೇ ಇಲ್ಲ.

ಉಟ್ಟ ಬಟ್ಟೆಯಲ್ಲೇ ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪದ ದೋಣಿ ಹತ್ತಿದೆವು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನಾವು ಹೋದದ್ದು ಜನವರಿ, ಅಷ್ಟಾದರೂ ಪುಣ್ಯ. ಕೃಷ್ಣೆಯಲ್ಲಿ ಈಜಿದವನೆಂದು ಬೀಗುತ್ತಿದ್ದ ನನಗೆ ದಾರಿಯುದ್ದಕ್ಕೂ ವಾಂತಿ. ಇಳಿದವನೇ ಕಲ್ಲಿನ ಮೇಲೆ ಕುಸಿದೆ. ಆಮೇಲೆ ನೋಡುತ್ತೇನೆ, ಕಬ್ಬಿನ ಜಲ್ಲೆ ಒತ್ತೊತ್ತಾಗಿ ನಿಲ್ಲಿಸಿದಂತೆ ಐದಾರು ಮೂಲೆಯ ಕಂಬಗಳು! ಲಾವಾ ಆರುತ್ತ ಕುಗ್ಗಿ, ಬಿರಿದು ಆದ ಆಕಾರ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ನಮ್ಮ ಅಥಣಿ, ಕಾಗವಾಡದ ಎರೆಮಣ್ಣಿನ ಮೂಲವೂ ಲಾವಾ ಕಲ್ಲೇ, ಸುಮಾರು 6.6 ಕೋಟಿ ವರ್ಷದ್ದು, ವಯಸ್ಸಿನಲ್ಲಿ ತಮ್ಮ.

ಇವಳು ಕಂಬ ಸವರಿ, “ಬ್ಯಾಸಗ್ಯಾಗ ನಮ್ಮ ಹೊಲ ಬಿರೀತೈತಲ್ರೀ, ಥೇಟ್ ಹಂಗ ಐತಿ” ಅಂದಳು.

ಮೂರನೇ ದಿನ ಚೀಲ ಸಿಕ್ಕಿತು. ರೊಟ್ಟಿ ಇದ್ದಷ್ಟೂ ಇದ್ದವು. ಚಟ್ನಿ ಮಾತ್ರ ಅರ್ಧವಾಗಿತ್ತು.