ದುಡಿಮೆಯ ಬಂಧುತ್ವ



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಉರ್ದು ಕವಿಯೊಬ್ಬರ ಮಾತೇಕೆಂದು ತಮಗೆ ಅನ್ನಿಸಬಹುದು. ಆದರೆ ಮಖ್ದೂಮ್ ಮೊಹಿಯುದ್ದೀನರು ನಮಗೆ ಹೊರಗಿನವರಲ್ಲ. ಅವರು 1908ರಲ್ಲಿ ಜನಿಸಿದ ಅಂದೋಲ್, ನಮ್ಮ ಸಿರ್ಗಾಪುರದಂತೆಯೇ ಇಂದಿನ ಸಂಗಾರೆಡ್ಡಿ ಜಿಲ್ಲೆಗೆ ಸೇರಿದ ಊರು.

ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನು ಬಂಧುಗಳ ಆಶ್ರಯದಲ್ಲಿ ಬೆಳೆದು, ಉಸ್ಮಾನಿಯಾ ವಿಶ್ವವಿದ್ಯಾಲಯದ ಎಂ.ಎ. ಪದವಿಯನ್ನು ಪಡೆದನು. ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕವೃತ್ತಿಯೂ ದೊರೆಯಿತು. ಬಡತನವನ್ನು ಕಂಡವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಆದರೂ ಮಖ್ದೂಮರು ಆ ಹುದ್ದೆಯನ್ನು ತೊರೆದು ಕಾರ್ಮಿಕರ ನಡುವೆ ನಿಂತರು.

ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗಿನ ಎಂಟು, ಮರಾಠಿಯ ಐದು, ಕನ್ನಡದ ಮೂರು ಜಿಲ್ಲೆಗಳಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಮ್ಮ ನಾರಾಯಣಖೇಡವೂ ಬೀದರ ಜಿಲ್ಲೆಯಲ್ಲಿದ್ದುದನ್ನು ಹಿರಿಯರು ಬಲ್ಲರು. ಇಷ್ಟು ನುಡಿಗಳ ದುಡಿಮೆಗಾರರನ್ನು ಒಂದು ಸೂತ್ರದಲ್ಲಿ ಪೋಣಿಸುವುದು ಸುಲಭವಾಗಿರಲಿಲ್ಲ. 1946ರಲ್ಲಿ ಅಖಿಲ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಅವರು ಆ ಹೊಣೆಯನ್ನು ಹೊತ್ತರು. ಒಬ್ಬನೇ ಹೋಗಿ ಕೂಲಿ ಹೆಚ್ಚಿಸೆಂದರೆ ಮಾಲೀಕನು ಅವನನ್ನು ಹೊರಗಟ್ಟಬಲ್ಲನು. ನೂರು ಮಂದಿ ಒಟ್ಟಾಗಿ ಕೇಳಿದರೆ ಲೆಕ್ಕದ ಪುಸ್ತಕವನ್ನು ತೆರೆಯಲೇಬೇಕು. ಸಂಘಶಕ್ತಿಯ ಮರ್ಮವೆಲ್ಲ ಇಷ್ಟೇ.

ಮುಂದೆ ಅವರು ಭೂಗತರಾದರು. ತೆಲಂಗಾಣದ ರೈತರ ಸಶಸ್ತ್ರ ಹೋರಾಟದಲ್ಲಿ ಭಾಗಿಯಾಗಿ 1951ರಲ್ಲಿ ಸೆರೆಯಾದರು. ಆ ಮಾರ್ಗದ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಬಿಡುಗಡೆಯಾದ ಬಳಿಕ, 1952ರಲ್ಲಿ, ಅವರು ಜನರ ಮತವನ್ನು ಬೇಡಿ ಹುಜೂರ್‌ನಗರದಿಂದ ಶಾಸಕರಾದರೆಂಬುದನ್ನು ಮರೆಯಲಾಗದು. 1969ರಲ್ಲಿ ‘ಬಿಸಾತ್-ಎ-ರಕ್ಸ್’ ಕವನಸಂಗ್ರಹಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಅದೇ ವರ್ಷದ ಆಗಸ್ಟ್ 25ರಂದು ಅವರು ದಿಲ್ಲಿಯಲ್ಲಿ ಕಾಲವಾದರು.

ಮಹನೀಯರೇ, ತಮ್ಮ ನುಡಿಯಲ್ಲಿ ಇಷ್ಟು ಉನ್ನತ ಮನ್ನಣೆ ಪಡೆದ ಕವಿಯು, ಅನ್ಯಭಾಷೆಯ ಕೂಲಿಕಾರನನ್ನು ಅನ್ಯನೆಂದು ಎಣಿಸಲಿಲ್ಲ. ನಮಗೆ ಬೇಕಾದ ಪಾಠವು ಇದೇ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದು ನಮ್ಮ ಧರ್ಮ. ಆದರೆ ನಮ್ಮ ಮಕ್ಕಳು ನಾಳೆ ತಾಂಡೂರಿನ ಕಲ್ಲುಗಣಿಗೋ ಜಹೀರಾಬಾದಿನ ಕಾರ್ಖಾನೆಗೋ ಹೋದಾಗ, ಪಕ್ಕದಲ್ಲಿ ದುಡಿಯುವವನ ಮಾತು ತೆಲುಗೋ ಉರ್ದುವೋ ಆಗಿರುತ್ತದೆ. ಇಬ್ಬರ ಬೆವರಿಗೂ ಕೂಲಿಯ ಲೆಕ್ಕ ಒಂದೇ. ಮನೆಯಲ್ಲಿ ತಾಯ್ನುಡಿಯನ್ನೂ ಕೆಲಸದ ತಾಣದಲ್ಲಿ ಈ ಬಂಧುತ್ವವನ್ನೂ ಮಕ್ಕಳಿಗೆ ಕಲಿಸೋಣ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾದುದಿಲ್ಲ.