ಬಾಯಾರಿದ ಗೋಸುಂಬೆ

ಬಟ್ಟಲು ತುಂಬ ನೀರಿಟ್ಟರೂ ಗೋಸುಂಬೆ ಬಾಯಾರಿ ಸಾಯಬಹುದೆಂದರೆ ನಂಬುತ್ತೀರಾ? ನಿಂತ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನು ನೆಕ್ಕಿ ಬದುಕುತ್ತದೆ.

ದೇವನಹಳ್ಳಿಯ ಚಕ್ಕೋತದ ತೋಟದಲ್ಲೋ ದೊಡ್ಡಬಳ್ಳಾಪುರದ ರಸ್ತೆಬದಿಯಲ್ಲೋ ನಿತ್ರಾಣಗೊಂಡ ಗೋಸುಂಬೆ ನಿಮ್ಮ ಕಣ್ಣಿಗೆ ಬೀಳಬಹುದು. ಕಣ್ಣು ಗುಳಿಬಿದ್ದು ಚರ್ಮ ಸುಕ್ಕುಗಟ್ಟಿದ್ದರೆ ದೇಹದಲ್ಲಿ ನೀರಿನಂಶ ಬತ್ತಿದೆಯೆಂದೇ ತಿಳಿಯಿರಿ. ನೆರಳಿನಲ್ಲಿ ರೆಂಬೆಯ ಮೇಲೆ ಕೂರಿಸಿ, ಸುತ್ತಲಿನ ಎಲೆಗಳಿಗೆ ನೀರು ಚಿಮುಕಿಸಿ. ಬಾಯಿಗೆ ಮಾತ್ರ ಸುರಿಯಬೇಡಿ; ನೀರು ಶ್ವಾಸಕೋಶಕ್ಕಿಳಿದರೆ ಪ್ರಾಣಾಪಾಯ. ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರ ನೆರವು ಪಡೆಯಿರಿ.

ಬಣ್ಣಕ್ಕೆ ಮರುಳಾಗಿ ಮನೆಯಲ್ಲೇ ಸಾಕೋಣವೆನಿಸೀತು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮರಳಿ ಮರವೇರಿತೆಂದರೆ ನಿಮ್ಮ ಆರೈಕೆ ಫಲಿಸಿದಂತೆ.